ಒಂಬತ್ತನೆಯ ಬುತ್ತಿ

ನನಗೆ ಸಿಟ್ಟು ಬೇಗ ಬರುತ್ತದೆ. ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಬರದೆ ಇರುತ್ತದೆಯೇ? ಆದರೆ ಆ ಭಾನುವಾರ ಬಂದ ಸಿಟ್ಟಿನ ತಳದಲ್ಲಿ ಹೆದರಿಕೆ ಇತ್ತು. ಹೆದರಿಕೆ ತೋರಿಸಲು ಬಾರದವರು ಕೂಗಾಡುತ್ತೇವೆ, ಅಷ್ಟೇ.

ಪೋಲಿಯೊ ಹನಿ ಹಾಕುವ ಭಾನುವಾರ ಅದು. ಅಳವಂಡಿ ರಸ್ತೆಯ ಪಕ್ಕದ ಇಟ್ಟಂಗಿ ಭಟ್ಟಿಯೊಂದರಲ್ಲಿ ನನ್ನ ಬೂತು. ಯಲಬುರ್ಗಾ, ಕುಷ್ಟಗಿ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಅಲ್ಲಿದ್ದವು. ಐದು ವರ್ಷದೊಳಗಿನ ಮಕ್ಕಳು ನಲವತ್ತಮೂರು. ಅವತ್ತೇ ಮಧ್ಯಾಹ್ನ ಹನ್ನೆರಡಕ್ಕೆ ಅವರೆಲ್ಲ ಎರಡು ಟ್ರ್ಯಾಕ್ಟರ್ ಹತ್ತಿ ಗಂಗಾವತಿಯ ಕಡೆ ಭತ್ತದ ನಾಟಿಗೆ ಹೊರಡುವವರಿದ್ದರು. ಅಲ್ಲಿಗೆ ಹೋದ ಮೇಲೆ ಗದ್ದೆ ಗದ್ದೆಗೆ ಹಂಚಿಹೋಗುತ್ತಾರೆ. ನಮ್ಮ ಪಟ್ಟಿಯಲ್ಲೂ ಇಲ್ಲ, ಅಲ್ಲಿನ ಪಟ್ಟಿಯಲ್ಲೂ ಇಲ್ಲ. ಹೋದ ವರ್ಷ ಹೀಗೇ ನನ್ನ ಕೈತಪ್ಪಿ ಹೋಗಿದ್ದರು. ಆ ತಿಂಗಳೆಲ್ಲ ನನಗೆ ಊಟ ರುಚಿಸಿರಲಿಲ್ಲ.

ಅದಕ್ಕೇ ಈ ಸಲ ಮೊದಲೇ ಮೂರು ಬಾರಿ ಭಟ್ಟಿಗೆ ಬಂದು, ಬೆಳಿಗ್ಗೆಯೇ ಹೊರಡುತ್ತೇನೆಂದಿದ್ದ ಮೇಸ್ತ್ರಿ ಹೊನ್ನೂರಪ್ಪನ ಜೊತೆ ಜಗಳ ಕಾದು, ಹನ್ನೆರಡರವರೆಗೆ ನಿಲ್ಲಲು ಒಪ್ಪಿಸಿದ್ದೆ.

"ನೋಡ್ರಿ ಸಿಸ್ಟರ, ಹನ್ನೆರಡಂದ್ರ ಹನ್ನೆರಡು. ಅಲ್ಲಿ ಸಸಿ ಕಿತ್ತು ಇಟ್ಟಾರ, ಬಾಡಿ ಹೋಗ್ತಾವ" ಎಂದಿದ್ದ.

ನನ್ನ ಮನೆ ಕೊಪ್ಪಳದಲ್ಲಿ. ಅಲ್ಲಿಂದ ಸ್ಕೂಟಿಯಲ್ಲಿ ಏಳಕ್ಕೇ ಬಂದು ಕೂತೆ. ಲಸಿಕೆ ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ, ಅಳವಂಡಿಯ ಆಚೆ ಇರುವ ನಮ್ಮ ಆಸ್ಪತ್ರೆಯಿಂದ ಜೀಪಿನಲ್ಲಿ ಬರಬೇಕು. ಎಂಟೂವರೆಗೆ ಅಲ್ಲಿನ ಆಯಾ ದುರುಗವ್ವ ಫೋನ್ ಮಾಡಿದಳು: ಜೀಪು ಗೇಟಿನಲ್ಲೇ ಕೆಟ್ಟು ನಿಂತಿದೆ. ನಾನೇ ಹೋಗಿ ತರೋಣವೆಂದರೆ, ಬೂತು ಖಾಲಿ ಕಂಡರೆ ಹೊನ್ನೂರಪ್ಪ ಹೊರಟೇಬಿಟ್ಟಾನು. ಪಕ್ಕದ ಎರಡು ಬೂತುಗಳನ್ನು ಕೇಳಿದೆ. ಮಧ್ಯಾಹ್ನದ ಮೇಲೆ ಉಳಿದರೆ ನೋಡೋಣ ಎಂದರು.

"ಒಂಬತ್ತರ ಬಸ್ಸಿಗೆ ಇಟ್ಟು ಕಳಸವ್ವ. ಡಬ್ಬಿಗೆ ಒದ್ದಿ ಅರಿವಿ ಸುತ್ತಿ ಗಟ್ಟ್ಯಾಗಿ ಗಂಟು ಹಾಕು, ಎಂಜಿನ್ ಕಾವು ಹತ್ತಬಾರದು" ಎಂದೆ. ಎಷ್ಟು ಜಾಣೆ ನಾನು!

ಹತ್ತೂಕಾಲಿಗೆ ಬಸ್ಸು ಬಂತು. ರಸ್ತೆಗೆ ಅಡ್ಡವಾಗಿಯೇ ನಿಂತು ಕೈ ಬೀಸಿದೆ. ತುಂಬಿದ ಬಸ್ಸು ಹಾರ್ನ್ ಹೊಡೆದು, ನನ್ನ ಮೇಲೆ ಧೂಳು ಹಾಕಿ ಹೋಗಿಯೇಬಿಟ್ಟಿತು.

ದುರುಗವ್ವನಿಗೆ ಫೋನು ಹಚ್ಚಿದೆ. ಡ್ರೈವರನಿಗೆ ಹೇಳಿಯೇ ಇಟ್ಟಿದ್ದೇನೆ ಎಂದು ಆಣೆ ಮಾಡಿದಳು. ಹೇಳಿದ್ದು ನಿಜ. ಆದರೆ ಅಳವಂಡಿಯಲ್ಲಿ ಡ್ರೈವರ್ ಬದಲಾಗಿದ್ದನಂತೆ. ಲಸಿಕೆ ತಂದೇ ಬರುತ್ತೇನೆಂದು ಭಟ್ಟಿಯ ಹೆಂಗಸರಿಗೆ ಕೂಗಿ ಹೇಳಿ, ಸ್ಕೂಟಿ ಏರಿ ಬಸ್ಸಿನ ಬೆನ್ನು ಹತ್ತಿದೆ. ಕೊಪ್ಪಳದ ಬಸ್ ನಿಲ್ದಾಣ ಮುಟ್ಟಿದಾಗ ಬಸ್ಸು ಖಾಲಿ. ಎಂಜಿನ್ ಪಕ್ಕದ ಜಾಗವೂ ಖಾಲಿ.

"ಡಬ್ಬಿನಾ? ಡಬ್ಬಿ ಎಲ್ಲಿಂದ ಬಂತ್ರಿ? ಬರೇ ಬುತ್ತಿ ಇದ್ದವು. ಬಿಳೀ ಅರಿವಿ ಗಂಟು. ಗುರುಲಿಂಗಮ್ಮಾರು ಎಲ್ಲಾ ಒಯ್ದ್ರು" ಎಂದ ಕಂಡಕ್ಟರ್ ಹೈದರಸಾಬ.

ಆಗ ತಿಳಿಯಿತು. ಪಟ್ಟಣದಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಬರುವುದು ನಮ್ಮ ಕಡೆಯ ರೂಢಿ. ಒದ್ದೆ ಬಟ್ಟೆ ಸುತ್ತಿ ಗಂಟು ಹಾಕಿಸಿ, ಲಸಿಕೆಯ ಡಬ್ಬಿಯನ್ನು ನಾನೇ ಬುತ್ತಿ ಮಾಡಿದ್ದೆ. ಬೈಯಲು ಯಾರೂ ಉಳಿಯಲಿಲ್ಲ. ಅದೊಂದು ದೊಡ್ಡ ಕಷ್ಟ.

ಗುರುಲಿಂಗಮ್ಮ ಕಾಲೇಜು ಹುಡುಗಿಯರಿಗೆ ರೂಮು ಬಾಡಿಗೆ ಕೊಟ್ಟಿರುವ ಕಿರಾಣಿ ವ್ಯಾಪಾರದ ಮನೆಯ ಹೆಂಗಸು ಎಂದು ಹೈದರಸಾಬನೇ ಹೇಳಿ ದಾರಿ ತೋರಿಸಿದ. ಗಲ್ಲಿ ಗಲ್ಲಿ ಕೇಳಿಕೊಂಡು ಹೋಗುವಾಗ ನನ್ನ ಕಣ್ಣ ಮುಂದೆ ಒಂದೇ ಚಿತ್ರ: ಹಸಿದ ಹುಡುಗಿಯರು ಗಂಟು ಬಿಚ್ಚಿ, ಮುಚ್ಚಳ ತೆಗೆದು, ಮಂಜುಗಡ್ಡೆ ಹೊರಗಿಟ್ಟು, ಪುಟ್ಟ ಶೀಶೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. ಒಮ್ಮೆ ಬಿಸಿಯಾದರೆ ಮುಗಿಯಿತು.

ಬಾಗಿಲಲ್ಲೇ ಕೂಗಿದೆ. "ಮಂದಿ ಸಾಮಾನು ಎತ್ತಿಕೊಂಡು ಬರಾಕ ನಾಚಿಕಿ ಆಗೂದಿಲ್ಲೇನ್ರಿ? ಬಿಚ್ಚಿದ್ರೋ ಹೆಂಗ?"

ಅರವತ್ತು ದಾಟಿದ, ಹಣೆ ತುಂಬ ವಿಭೂತಿ ಹಚ್ಚಿದ ಹೆಂಗಸು ಹೊರಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂದೇನವ್ವ ಆ ಗಂಟು? ಛಲೋ ಆತು. ಎಂಟು ಹುಡುಗ್ಯಾರು, ಒಂಬತ್ತು ಬುತ್ತಿ. ಇವು ಬಿಚ್ಚಿ ನೋಡೂಣು ಅಂದ್ವು. ಕೈ ಮುರಿತೀನಿ ಅಂದೆ. ಮಂದಿ ಬುತ್ತಿ ಬಿಚ್ಚೂದಂದ್ರೇನು? ಯಾರ ತಾಯಿ ಕಟ್ಯಾಳೋ, ಯಾವ ಕೂಸು ಹಸಕೊಂಡು ಕುಂತೈತೋ! ಮಧ್ಯಾಹ್ನದ ಬಸ್ಸಿಗೆ ತಿರುಗಿ ಇಡಾಕ ಹೊಂಟಿದ್ದೆ. ನೀನೇನು ಬಾಗಲಾಗ ನಿಂತು ಒದರತೀ?"

ಡಬ್ಬಿಯನ್ನು ಒಳಗೆ ನೀರಿನ ಹರವಿಯ ಪಕ್ಕ, ತಂಪು ಕಲ್ಲಿನ ಮೇಲೆ ಇಟ್ಟಿದ್ದಳು. ದುರುಗವ್ವ ಹಾಕಿದ ಗಂಟು ಹಾಗೇ ಇತ್ತು. ಬಿಚ್ಚಿದೆ. ಮಂಜುಗಡ್ಡೆ ಇನ್ನೂ ಗಟ್ಟಿ. ಒಂದು ಶೀಶೆ ಎತ್ತಿ ಬೆಳಕಿಗೆ ಹಿಡಿದೆ. ಪ್ರತಿ ಶೀಶೆಯ ಮೇಲೂ ಒಂದು ದುಂಡು ಗುರುತು, ಅದರೊಳಗೊಂದು ಚೌಕ ಇರುತ್ತದೆ. ಕಾವು ತಗುಲಿದರೆ ಚೌಕ ಕಪ್ಪಾಗುತ್ತದೆ. ಚೌಕ ಬೆಳ್ಳಗೇ ಇತ್ತು. ಎಲ್ಲದರ ಮೇಲೂ ಬೆಳ್ಳಗೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಜೀವ ಬಂದಂತಾಯಿತು.

"ತಪ್ಪಾತ್ರಿ ಅಮ್ಮಾರ" ಎಂದೆ. ಆ ಮಾತು ನನ್ನ ಬಾಯಲ್ಲಿ ವರ್ಷಕ್ಕೊಮ್ಮೆಯೂ ಬರುವುದಿಲ್ಲ.

"ಇರಲಿ, ಏಳು. ಒಂದು ರೊಟ್ಟಿ ತಿಂದು ಹೋಗು."

ಗೋಡೆಯ ಗಡಿಯಾರ ನೋಡಿದೆ. ಹನ್ನೆರಡು ಹೊಡೆಯಲು ಐದು ನಿಮಿಷ. ರೊಟ್ಟಿ ಬಿಟ್ಟು ಓಡಿದೆ.

ಫೋನಿನಲ್ಲಿ ಹೊನ್ನೂರಪ್ಪ ಸಿಗಲಿಲ್ಲ. ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು ಸ್ಕೂಟಿಯನ್ನು ಹೊಡೆದ ಹೊಡೆತಕ್ಕೆ ಗಾಡಿ ಉಳಿದದ್ದೇ ಹೆಚ್ಚು. ಎದುರಿಗೆ ಬಂದ ಪ್ರತಿ ಟ್ರ್ಯಾಕ್ಟರ್‌ನಲ್ಲೂ ಅವರೇ ಕಂಡರು. ಆ ಭಟ್ಟಿಯ ಮಾರೆವ್ವನಂಥವಳು ನನಗಾಗಿ ಕಾಯುತ್ತಾಳೆಯೇ? ಎರಡು ವರ್ಷದ ಕೆಳಗೆ, ಹನಿ ಹಾಕಿದರೆ ಜ್ವರ ಬರುತ್ತದೆಂದು ಮಗಳನ್ನು ಇಟ್ಟಂಗಿ ರಾಶಿಯ ಹಿಂದೆ ಬಚ್ಚಿಟ್ಟವಳು. ಅವತ್ತು ನಾನೂ ಬಾಯಿಗೆ ಬಂದಂತೆ ಅಂದಿದ್ದೆ.

ಭಟ್ಟಿ ತಲುಪಿದಾಗ ಹನ್ನೆರಡೂಮುಕ್ಕಾಲು. ಎರಡೂ ಟ್ರ್ಯಾಕ್ಟರ್‌ಗಳು ಹೊಗೆ ಬಿಡುತ್ತ ನಿಂತಿದ್ದವು. ಟ್ರ್ಯಾಲಿಯಲ್ಲಿ ಪಾತ್ರೆ, ಹಾಸಿಗೆ, ಕೋಳಿ ಎಲ್ಲ ಹೇರಿತ್ತು, ಗಂಡಸರು ಹತ್ತಿ ಕೂತಿದ್ದರು. ಆದರೆ ಮುಂದಿನ ಗಾಲಿಗಳ ಎದುರು, ಮಣ್ಣಿನ ದಾರಿಯಲ್ಲಿ, ಹೆಂಗಸರೆಲ್ಲ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ನಟ್ಟನಡುವೆ ಮಾರೆವ್ವ.

"ನೋಡ್ರಿ ಸಿಸ್ಟರ, ಏಳಾಕ ತಯಾರಿಲ್ಲ ಇವರು! ಮುಕ್ಕಾಲು ತಾಸಾತು" ಎಂದು ಟ್ರ್ಯಾಕ್ಟರ್ ಮೇಲೆ ಕೂತಿದ್ದ ಹೊನ್ನೂರಪ್ಪ ಹಣೆ ಬಡಿದುಕೊಂಡ.

ಮಾರೆವ್ವ ಮಡಿಲಿನ ಕೂಸನ್ನು ಮುಂದೆ ಚಾಚಿದಳು. ಅದು ಹೊಸ ಕೂಸು, ನನ್ನ ಪಟ್ಟಿಯಲ್ಲಿ ಕೊನೆಗೆ ಬರೆದ ಹೆಸರು.

"ನಮ್ಮ ಹುಡುಗರ ಸಲುವಾಗಿ ನೀವು ಮೇಸ್ತ್ರಿ ಕೂಡ ಮೂರು ಸರ್ತಿ ಜಗಳಾಡಿದ್ರಿ ಅಕ್ಕಾರ. ನಾವು ಒಂದು ತಾಸು ಮಣ್ಣಾಗ ಕುಂತ್ರ ಸವದು ಹೋಗ್ತೀವೇನು?"

ನಾನು ಅತ್ತೆ. ಎಲ್ಲರೆದುರು, ಮುಚ್ಚಿಟ್ಟುಕೊಳ್ಳದೆ ಅತ್ತೆ. ಮೂಗು ಒರೆಸಿಕೊಂಡು, ಕೈ ತೊಳೆದು, ಮೊದಲ ಎರಡು ಹನಿಯನ್ನು ಆ ಕೂಸಿನ ಬಾಯಿಗೆ ಹಾಕಿದೆ. ಅದು ಮುಖ ಕಿವುಚಿ ಜೋರಾಗಿ ಚೀರಿತು, ಹೆಂಗಸರು ನಕ್ಕರು. ಹೊನ್ನೂರಪ್ಪ ಡ್ರೈವರನಿಗೆ ಎಂಜಿನ್ ಬಂದ್ ಮಾಡಲು ಹೇಳಿ, ತಾನೇ ಕೆಳಗಿಳಿದು, ಮಕ್ಕಳ ಎಡಗೈ ಕಿರುಬೆರಳಿಗೆ ಗುರುತು ಹಾಕುವ ಪೆನ್ನು ಹಿಡಿದು ನನ್ನ ಪಕ್ಕ ಕೂತ.