ಮೂರನೆಯವಳ ಕೈ

ನಾನು ರೀಲು ಹಾಕುವ ಕಾಲದ ಕ್ಯಾಮೆರಾ. ಜಪಾನಿನ ಕಾರ್ಖಾನೆಯಲ್ಲಿ ಬಿಳಿ ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನ್ನ ಕಣ್ಣು ಜೋಡಿಸಿ, ಧೂಳು ಕೂರದಂತೆ ಮೆಲ್ಲಗೆ ಒರೆಸಿ ಕಳಿಸಿದಳು. ಆ ಮರ್ಯಾದೆ ನನಗೆ ಮತ್ತೆ ಸಿಗಲಿಲ್ಲ. ಮುಂಬಯಿಯ ಅಂಗಡಿಯೊಂದರಲ್ಲಿ ಗಾಜಿನ ಹಿಂದೆ ಎರಡು ವರ್ಷ ಕುಳಿತು, ಕೊನೆಗೆ ಗದಗಿನ ಪಾತ್ರೆ ವ್ಯಾಪಾರಿ ಗುರುಸಿದ್ದಪ್ಪನವರ ಕೊರಳಿಗೆ ಬಿದ್ದೆ.

ಅವರು ಹೆಂಡತಿ ಶಿವಲೀಲಾ ಅವರೊಂದಿಗೆ ಬ್ಯಾಂಕಾಕಿಗೆ ಹೊರಟಾಗ ಹೊಸ ದೇಶ, ಹೊಸ ಮುಖ ಎಂದು ಹಿಗ್ಗಿದ್ದೆ. ಎಲ್ಲಿಯ ಮುಖ? ಅವರು ಹೆಚ್ಚಾಗಿ ತೆಗೆದದ್ದು ಅಲ್ಲಿನ ಅಂಗಡಿಗಳ ತಪ್ಪಲೆ, ತಪ್ಪಲೆಯ ಅಂಚು, ಟಿಫಿನ್ ಡಬ್ಬಿಯ ಕೊಂಡಿ. ಬೀದಿಬದಿಯಲ್ಲಿ ಉಣ್ಣುವವರ ತುತ್ತು ಬಾಯಿಗೆ ಹೋಗುವಾಗಲೇ ನನ್ನನ್ನು ಅವರ ಮೂಗಿಗೆ ಹಿಡಿದರು. ಒಬ್ಬರನ್ನೂ ಕೇಳಲಿಲ್ಲ. ಮೀನು ಮಾರುವವನೊಬ್ಬ ಬೇಡವೆಂದು ಅಂಗೈ ಅಡ್ಡ ಹಿಡಿದರೆ ಅಂಗೈಯನ್ನೇ ತೆಗೆದರು. ನಾಚಿದ್ದು ಅವರಲ್ಲ, ನಾನು.

ಶಿವಲೀಲಾ ಹಾಗಲ್ಲ. ಹೂವಿನ ಸಂತೆಯಲ್ಲಿ ಮುದುಕಿ ತಾಯಿ, ಮಗಳು ಸೂಜಿಯಿಂದ ಮಲ್ಲಿಗೆ ಪೋಣಿಸುತ್ತಿದ್ದರು. ಇವರು ಪಕ್ಕದಲ್ಲಿ ಕುಳಿತು, ಸೂಜಿಯೇ ಇಲ್ಲದೆ ಬೆರಳಿನಲ್ಲಿ ಮಾಲೆ ಕಟ್ಟಿ ತೋರಿಸಿದರು. ಮುದುಕಿ ದಾರದ ತುದಿ ಹಿಡಿದು ಬಿಡದೆ ಕಲಿತಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ನಗು ಮಾತ್ರ ನಿಲ್ಲದು. ವಿಳಾಸದ ಚೀಟಿಗಳು ಅದಲುಬದಲಾದವು. ಮಗಳು ನನ್ನತ್ತ ಬೆರಳು ತೋರಿ ಮೂರು ಎಂದು ಸನ್ನೆ ಮಾಡಿದಳು. ಮೂವರೂ ಇರುವ ಫೋಟೋ ಅವಳಿಗೆ ಬೇಕಿತ್ತು.

“ಮೂರ ಮಂದಿ ಕೂಡಿ ಫೋಟೋ ತಗಸಬಾರ್ದು. ಒಬ್ರು ಹೋಗ್ತಾರ” ಎಂದರು ಗುರುಸಿದ್ದಪ್ಪ.

“ಹಂಗಾದ್ರ ನಾಕನೇದವ್ರು ನೀವ ಬರ್ರಿ. ಬಾಜೂ ಅಂಗಡಿಯವ್ರು ಬಟನ್ ಒತ್ತತಾರ” ಎಂದರು ಶಿವಲೀಲಾ.

“ಗುರ್ತಿಲ್ಲದವ್ರ ಕೈಯಾಗ ಕ್ಯಾಮೆರಾ ಕೊಡಂತೀಯೇನ? ಮುದಕೀಗೆ ಆ ಕಡೆ ಸರಿ ಅನ್ನು.”

ಆ ಊರವರ ಮುಖಗಳನ್ನು ಕೇಳದೆ ದೋಚಿದ ಮನುಷ್ಯನಿಗೆ ಅರೆಗಳಿಗೆ ನನ್ನನ್ನು ಬಿಟ್ಟುಕೊಡಲು ಅಪನಂಬಿಕೆ. ನನಗೆ ಮೈಯೆಲ್ಲ ಉರಿಯಿತು. ಬಾಯಿದ್ದಿದ್ದರೆ ಅಂದೇ ನಾಲ್ಕು ಮಾತು ಅಂದುಬಿಡುತ್ತಿದ್ದೆ. ಮುದುಕಿ ಏನೂ ತಿಳಿಯದೆ ನಗುತ್ತಲೇ ಸರಿದಳು.

ಗದಗಿಗೆ ಬಂದು ರೀಲು ತೊಳೆಸಿದಾಗ ತಪ್ಪಲೆಗಳು ಲಕಲಕ ಹೊಳೆದವು. ಹೂವಿನ ಫೋಟೋದಲ್ಲಿ ಇಬ್ಬರೇ. ಅಂಚಿನಲ್ಲಿ ದಾರ ಹಿಡಿದ ಸುಕ್ಕುಗಟ್ಟಿದ ಕೈ.

“ಅವರವ್ವನ್ನ ಬಿಟ್ಟು ತಗದದ್ದನ್ನ ಯಾವ ಮುಖಾ ಹೊತ್ತು ಕಳಸ್ಲಿ?” ಎಂದು ಶಿವಲೀಲಾ ಅದನ್ನು ಟ್ರಂಕಿನ ತಳಕ್ಕೆ ಹಾಕಿದರು.

ಎಂಟು ತಿಂಗಳಿಗೆ ಮಗಳ ಕಾಗದ ಬಂತು, ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದು. ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ಅವಳದೊಂದೂ ಫೋಟೋ ಇಲ್ಲ. ಅಂದು ತೆಗೆದವುಗಳಲ್ಲಿ ಎಲ್ಲಾದರೂ ಅವಳ ಮುಖ ಬಿದ್ದಿದ್ದರೆ ಕಳಿಸಬೇಕು.

ಗುರುಸಿದ್ದಪ್ಪ ಭೂತಗನ್ನಡಿ ಹಿಡಿದು ಮೂವತ್ತಾರು ನೆಗೆಟಿವನ್ನೂ ಜಾಲಾಡಿದರು. ತಪ್ಪಲೆಗಳ ಹೊಳಪಿನಲ್ಲೂ ಹುಡುಕಿದರು. ಕೊನೆಗೆ ಶಿವಲೀಲಾ ಆ ಕೈಯನ್ನೇ ದೊಡ್ಡದು ಮಾಡಿಸಿ ಕಳಿಸಿದರು. ಉತ್ತರ ಬರಲಿಲ್ಲ.

ಈಗ ನಾನು ಕಣ್ಣಿಗೆ ಪೊರೆ ಬಂದು ಕಪಾಟಿನ ಮೂಲೆಯಲ್ಲಿ ಬಿದ್ದಿದ್ದೇನೆ. ಮದುವೆಮನೆಗಳಲ್ಲಿ ಮೂವರು ಫೋಟೋಕ್ಕೆ ನಿಂತರೂ ಗುರುಸಿದ್ದಪ್ಪ ಈಗ ತಕರಾರು ಮಾಡುವುದಿಲ್ಲವಂತೆ. ಮಾಡದಿದ್ದರೆ ನನಗೇನು, ನನ್ನ ಸಿಟ್ಟು ಇಳಿದಿಲ್ಲ. ಫೋಟೋದಲ್ಲಿ ನಿಂತ ಇಬ್ಬರೂ ಗಟ್ಟಿಯಾಗಿಯೇ ಇದ್ದಾರೆ. ಹೊರಗೆ ಸರಿಸಿದವಳೇ ಹೋದಳು.