ಕೆಂಪಣ್ಣನ ರೈಫಲ್ಲಿನ ಗಟ್ಟಿತನ

ಫರೀದಾಬಾದಿನ ಕಾರ್ಖಾನೆಗಳಲ್ಲಿ ನನ್ನ ಹೆಸರು ಕೇಳಿದರೆ ಉಕ್ಕು ಬೆವರುತ್ತಿತ್ತು. ಸ್ಪ್ರಿಂಗ್ ಕಂಪನಿಯ ಲ್ಯಾಬಿನಲ್ಲಿ ಉಕ್ಕು ಪರೀಕ್ಷಿಸುತ್ತ ಕೂತು ನಾನು ತಿರಸ್ಕರಿಸಿದ ಮಾಲನ್ನು ರಾಶಿ ಹಾಕಿದ್ದರೆ, ಅದರ ತುದಿ ನೋಡಲು ಕುತುಬ್ ಮಿನಾರೇ ಕತ್ತೆತ್ತಬೇಕಿತ್ತು. ಹಾಗಾಗಿ 2005ರ ದಸರೆಗೆ ಮುಂಚೆ ದೆಹಲಿಯ ಲೋಧಿ ಕಾಲೋನಿಯ ಗೆಳೆಯ ಕೆಂಪಣ್ಣ, ತಂದೆಯ ಕಾಲದ ರೈಫಲ್ ಪರೀಕ್ಷಿಸಲು ನನ್ನನ್ನಲ್ಲದೆ ಇನ್ನಾರನ್ನು ಕರೆದಾನು?

ಭಾನುವಾರ ಶೂಟಿಂಗ್ ಕ್ಲಬ್ಬಿನಲ್ಲಿ ಅದರಿಂದ ಗುಂಡು ಹಾರಿಸಬೇಕೆಂಬುದು ಅವನ ಆಸೆ. ಆದರೆ ಹಿಂದೆ ಯಾವನೋ ಮಿಸ್ತ್ರಿ ದುರ್ಬೀನು ಕೂರಿಸಲೆಂದು ಅದರ ರಿಸೀವರನ್ನು, ಅಂದರೆ ಗುಂಡಿನ ಹಿಂಬದಿ ಮುಚ್ಚುವ ಬೋಲ್ಟು ಬಂದು ಕಚ್ಚಿಕೊಳ್ಳುವ ಉಕ್ಕಿನ ಗೂಡನ್ನು, ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಪಟ್ಟಿ ಬೆಸೆದಿದ್ದ. ಹಾಗೆ ಕಾಯಿಸಿದ ಉಕ್ಕು ಮೆತ್ತಗಾಗುತ್ತದೆ; ಗೂಡು ಸೋತರೆ ಬೋಲ್ಟು ಹಿಂದಕ್ಕೆ ಹಾರುವುದು ನೇರ ಕೆಂಪಣ್ಣನ ಕಣ್ಣಿಗೆ.

ನಾನು ಸಂತೆಯಲ್ಲಿ ಮಡಕೆ ಆರಿಸುವವರಂತೆ ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಟ್ಟೆ. ಠಣ್! ಹುಮಾಯೂನನ ಗೋರಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು.

"ಗಟ್ಟಿ!" ಎಂದೆ.

"ಕೇಳಿದ್ಯಾ ಪಂಕಜಾ? ಗಟ್ಟಿಯಂತೆ!" ಕೆಂಪಣ್ಣ ಅರಳಿದ.

ಅವನ ಹೆಂಡತಿ ಚಹಾ ತಂದಿಟ್ಟರು. "ಅಚ್ಛಾ! ಹಾಗಾದ್ರೆ ಮೊದಲ ಗುಂಡು ನೀವೇ ಹೊಡೀರಿ ಅಣ್ಣಾ."

ನನ್ನ ಬಲಗಣ್ಣು ಅದುರಿತು. ಗಂಡಸರಿಗೆ ಅದು ಶುಭಶಕುನವಂತೆ. ನಂಬುವ ಧೈರ್ಯವಾಗಲಿಲ್ಲ.

"ಅತ್ತಿಗೆ, ನಾನಂದದ್ದು ಸದ್ದು ಗಟ್ಟಿ ಅಂತ. ಉಕ್ಕಿನ ವಿಷಯ ಲ್ಯಾಬಲ್ಲೇ ಹೇಳಬೇಕು."

"ಥೂ, ನಿನ್ನ ನಾಲಿಗೆಗೂ ಒಂದು ಬೋಲ್ಟ್ ಹಾಕಿಸ್ಬೇಕು ಕಣಯ್ಯಾ," ಎಂದ ಕೆಂಪಣ್ಣ. ಆದರೂ ಲೈಸೆನ್ಸು ಜೇಬಿಗಿಟ್ಟು, ರೈಫಲ್ ಎತ್ತಿಕೊಂಡು ನನ್ನ ಜೊತೆ ಲ್ಯಾಬಿಗೆ ಹೊರಟ.

ಗಡಸುತನ ಅಳೆಯುವ ಯಂತ್ರದ ಮೊನೆ ಗೂಡಿನ ಉಳಿದ ಕಡೆ ಇಳಿಯಲೊಲ್ಲದು. ಬೆಸುಗೆಯ ಪಕ್ಕ, ಬೋಲ್ಟು ಕಚ್ಚುವಲ್ಲೇ, ಮೈಸೂರುಪಾಕಿಗೆ ಬೆರಳಿಟ್ಟಂತೆ ಇಳಿಯಿತು. ಸಂದಿದ್ದಲ್ಲಿ ಒಳಗಿಳಿಯುವ ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಎರಚಿದೆ. ಕೂದಲೆಳೆಯಂಥ ಗೆರೆಯೊಂದು ಕೆಂಪಗೆ ಮೇಲೆದ್ದಿತು.

"ಬಿರುಕು," ಎಂದೆ. ಆ ಒಂದು ಮಾತಿಗೆ ಉತ್ಪ್ರೇಕ್ಷೆ ಸೇರಿಸಲು ನನಗೂ ಆಗಲಿಲ್ಲ.

"ಮತ್ತೆ ಕಾಯಿಸಿ ಗಟ್ಟಿ ಮಾಡೋಕಾಗಲ್ವಾ?"

"ಆಗುತ್ತೆ. ಬಿರುಕೂ ಗಟ್ಟಿಯಾಗುತ್ತೆ."

ಕೆಂಪಣ್ಣ ಬಹಳ ಹೊತ್ತು ಆ ಗೆರೆಯನ್ನೇ ಸವರಿದ. ಭಾನುವಾರ ಕ್ಲಬ್ಬಿಗೆ ಹೋಗಲಿಲ್ಲ.

ಆಯುಧಪೂಜೆಯಲ್ಲಿ ರೈಫಲ್ಲಿಗೆ ಕುಂಕುಮ, ಚೆಂಡುಹೂವು. ನೆಂಟರ ಮುಂದೆ ಕೆಂಪಣ್ಣ, "ನನ್ನ ಕಣ್ಣು ಉಳಿಸಿದವನು ಇವನೇ," ಎಂದ.

"ಎರಡು ಕಣ್ಣು," ಎಂದು ನಾನು ತಿದ್ದಿದೆ.

ಪಂಕಜಾ ಪ್ರಸಾದ ನೀಡುತ್ತಾ ಹೇಳಿದರು: "ನಿಮ್ಮ ಬಲಗಣ್ಣೂ ಸೇರಿ ಮೂರು, ಅಣ್ಣಾ."