ಒಂದೆಳೆ ಪಾಕ

ಟಪ್.

ರಾತ್ರಿಯ ಕೊನೆಯ ಸೊಪ್ಪು ಹಾಕಿ ಹುಳುಮನೆಯಿಂದ ಹೊರಬಂದ ಧನಶ್ರೀ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಳು. ಬೆನ್ನ ಹಿಂದೆ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು, ಸೋನೆ ಹಿಡಿದ ಹಾಗೆ. ಆ ಸದ್ದು ಸ್ವಲ್ಪ ತಗ್ಗಿದರೂ ಅವಳಿಗೆ ನಿದ್ದೆಯಲ್ಲೂ ಎಚ್ಚರವಾಗುತ್ತಿತ್ತು. ಇದು ಅದಲ್ಲ. ಅಂಗಳದಾಚೆ, ಕಾರು ನಿಲ್ಲಿಸಿದ ಶೆಡ್ಡಿನಿಂದ ಬಂದದ್ದು.

ಟಪ್.

ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡಿದಳು. ಎಂಜಿನ್ನಿನ ಕೆಳಗೆ ಗಂಡ ವೇಣುಗೋಪಾಲ್ ಇಟ್ಟಿದ್ದ ತಗಡಿನ ತಟ್ಟೆಯಲ್ಲಿ ಆಯಿಲ್ ಹೊಳೆಯುತ್ತಿತ್ತು. ಬಾನೆಟ್ ಎತ್ತಿ, ಗಂಡ ಮಾಡುವುದನ್ನು ನೋಡಿ ಕಲಿತಂತೆ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಅದ್ದಿ ತೆಗೆದಳು. ಕೆಳಗಿನ ಗೀಟಿಗೂ ತಾಗಿರಲಿಲ್ಲ. ಬೆಳಗ್ಗೆ ಇದೇ ಕಾರಿನಲ್ಲಿ ಮಾವ, ಗಂಡ ಇಬ್ಬರೂ ಕೋಲಾರಕ್ಕೆ ಹೊರಡುವವರಿದ್ದರು.

ಹಸಿರು ಬಣ್ಣದ, ಎರಡೇ ಸೀಟಿನ, ತಲೆಯ ಮೇಲಿನ ಬಟ್ಟೆ ಮಡಚುವಂಥ ಹಳೆಯ ಸ್ಪೋರ್ಟ್ಸ್ ಕಾರು ಅದು. ಮಾವ ಚನ್ನರಾಯಪ್ಪ ಚಿನ್ನದ ಗಣಿಯ ಎಂಜಿನಿಯರೊಬ್ಬರಿಗೆ ಡ್ರೈವರಾಗಿದ್ದಾಗ ಓಡಿಸುತ್ತಿದ್ದುದು. ಆ ಎಂಜಿನಿಯರು ಊರು ಬಿಡುವಾಗ ಮಾವನಿಗೇ ಕೊಟ್ಟು ಹೋಗಿದ್ದರು. ಎಷ್ಟೋ ವರ್ಷ ಟಾರ್ಪಾಲಿನಡಿ ಮಲಗಿದ್ದ ಅದನ್ನು ವೇಣು ನರಸಾಪುರದ ಫ್ಯಾಕ್ಟರಿಯ ರಜೆಗಳನ್ನೆಲ್ಲ ಸುರಿದು ಎಬ್ಬಿಸಿದ್ದ. ಅಪ್ಪ ಸ್ಪ್ಯಾನರ್ ಎತ್ತಿಕೊಡುತ್ತಿದ್ದರು, ಮಗ ತಿರುಗಿಸುತ್ತಿದ್ದ. ಎಲ್ಲ ಸರಿಹೋದ ಮೇಲೆ, ಆಯಿಲ್ ಹಾಕುವ ದಿನ ಇಬ್ಬರ ನಡುವೆ ಕೆಟ್ಟಿತು.

"ಇದೇನ್ಲಾ ಇದು, ಗಂಜಿ ತಿಳಿ ಇದ್ದಂಗೈತೆ," ಎಂದಿದ್ದರು ಮಾವ, ಮಗ ಆನ್‌ಲೈನಿನಲ್ಲಿ ತರಿಸಿದ ದುಬಾರಿ ಡಬ್ಬಿಗೆ ಬೆರಳದ್ದಿ.

"ಫಾರಿನ್‌ದು ನಾಯ್ನಾ. ರೇಸ್ ಕಾರ್‌ಗೆ ಇದನ್ನೇ ಹಾಕೋದು."

"ರೇಸಿಗೆ ಹೋಗ್ತೀಯಾ ನೀನು? ಹಳೇ ಎಂಜಿನ್ನು, ಸಂದಿ ಜಾಸ್ತಿ, ತೆಳ್ಳಗಿದ್ರೆ ಸೋರ್ತದೆ. ನಾನು ತಂದಿರೋದು ಹಾಕು."

"ನೀವು ತಂದಿರೋದು ಟ್ರ್ಯಾಕ್ಟರ್‌ದು. ಟಾರು ಇದ್ದಂಗೈತೆ, ಬೆಳಗ್ಗೆ ಹೊತ್ತು ಸ್ಟಾರ್ಟೇ ಆಗಲ್ಲ."

"ಟ್ರ್ಯಾಕ್ಟರು ನಿನ್ಗಿಂತ ಜಾಸ್ತಿ ದುಡೀತದೆ ಕಣೋ!"

ವೇಣು ತನ್ನದನ್ನೇ ಹಾಕಿದ. ಮಾವನ ಡಬ್ಬಿ ಶೆಡ್ಡಿನ ಮೂಲೆಯಲ್ಲಿ ಹಾಗೇ ಉಳಿಯಿತು. ಅಂದಿನಿಂದ ಇಬ್ಬರ ಮಾತೂ ಅವಳ ಮೂಲಕವೇ. "ನಿನ್ ಗಂಡನ್ನ ಊಟಕ್ಕೆ ಕರಿಯಮ್ಮ," "ನಿಮ್ ಮಾವ ಮಾತ್ರೆ ತಗೊಂಡ್ರಾ ಕೇಳು." ಕೋಲಾರದಲ್ಲಿ ಹಳೆಯ ಕಾರುಗಳ ಮೆರವಣಿಗೆ ಇದೆಯೆಂದು ತಿಳಿದು, ಇಬ್ಬರೂ ಹೋಗದಿದ್ದರೆ ತಾನು ಮುದ್ದೆ ತಿರುವುವುದಿಲ್ಲವೆಂದು ಹಟ ಹಿಡಿದು ಒಪ್ಪಿಸಿದವಳು ಅತ್ತೆ ಅಶ್ವತ್ಥಮ್ಮ.

ಹೀಗೇ ಹೊರಟರೆ ದಾರಿಯಲ್ಲೇ ಎಂಜಿನ್ ಕಚ್ಚಿಕೊಂಡು ಸೀಜ್ ಆಗುತ್ತದೆ. ವೇಣು ರಾತ್ರಿ ಪಾಳಿಯಲ್ಲಿದ್ದ. ಫೋನು ಫ್ಯಾಕ್ಟರಿಯ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಮಾವನನ್ನು ಎಬ್ಬಿಸಿದರೆ, "ನಾನು ಬಡ್ಕೊಂಡಿಲ್ವಾ?" ಎಂಬ ಒಂದು ಮಾತಿಗೆ ಬೆಳಗಿನ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ. ತಟ್ಟೆಯದನ್ನು ಸೋಸಿ ಮತ್ತೆ ಸುರಿದರೆ ಮತ್ತೆ ಸೋರುತ್ತದೆ. ಉಳಿದದ್ದು ಮೂಲೆಯ ಡಬ್ಬಿ. ಆದರೆ ಒಂದಕ್ಕೊಂದು ಹೊಂದದೆ ಒಡೆದ ಹಾಲಿನಂತಾದರೆ? ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರದಲ್ಲಿ ಇದಕ್ಕೆ ಉತ್ತರವಿತ್ತೋ ಏನೋ, ಈಗ ನೆನಪಾಗಲಿಲ್ಲ.

ತಟ್ಟೆಯದನ್ನೂ ಡಬ್ಬಿಯದನ್ನೂ ಒಂದೊಂದು ಸೌಟು ಅಡುಗೆಮನೆಗೆ ಒಯ್ದಳು. ಒಂದೊಂದು ಚಮಚವನ್ನು ಬಿಸಿನೀರಿನ ಮೇಲೆ ಹಿಡಿದು, ಬೆಲ್ಲದ ಪಾಕ ನೋಡುವ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ನೋಡಿದಳು. ಗಂಡನದು ಕಾದರೆ ನೀರು, ಎಳೆಯೇ ಬರಲಿಲ್ಲ. ಮಾವನದು ಕಾದಾಗ ಚೆನ್ನಾಗಿತ್ತು, ತಣಿದರೆ ಚಮಚ ಬಿಟ್ಟು ಕದಲಲೊಲ್ಲದು. ಉಳಿದ ಎರಡನ್ನೂ ಉಪ್ಪಿನಕಾಯಿಯ ಖಾಲಿ ಜಾಡಿಗೆ ಸುರಿದು ಕಲಕಿ ಬೆರಳಿಗೆ ಹಚ್ಚಿದಳು. ಒಂದೆಳೆ ಪಾಕ. ಕಜ್ಜಾಯದ್ದಲ್ಲ, ಅದಕ್ಕೂ ಸ್ವಲ್ಪ ಹಿಂದಿನದು. ಜಾಡಿಯನ್ನು ದೀಪದ ಮುಂದಿಟ್ಟು ಕಣ್ಣು ಕೀಲಿಸಿ ಕೂತಳು. ಬಹಳ ಹೊತ್ತಾದರೂ ಒಡೆಯಲಿಲ್ಲ, ಕೆನೆ ಕಟ್ಟಲಿಲ್ಲ.

ಶೆಡ್ಡಿಗೆ ಮರಳಿ, ಎಂಜಿನ್ನಿಗೆ ಆಲಿಕೆ ಹಿಡಿದು ಮಾವನ ಡಬ್ಬಿಯಿಂದ ಸುರಿದಳು. ಸ್ವಲ್ಪ ಸುರಿಯುವುದು, ಕಾಯುವುದು, ಕಡ್ಡಿ ನೋಡುವುದು. ಮೇಲಿನ ಗೀಟಿಗೆ ಮುಟ್ಟಿದಾಗ ಬಾನೆಟ್ ಮುಚ್ಚಿದಳು. ಹುಳುಗಳಿಗೆ ಆಗದ ಆಯಿಲ್ ವಾಸನೆ ಹೊತ್ತು ಹುಳುಮನೆಗೆ ಕಾಲಿಡುವಂತಿಲ್ಲ. ಸೀಗೆಪುಡಿ ಹಚ್ಚಿ ತಲೆಗೆ ತಣ್ಣೀರು ಸುರಿದುಕೊಂಡಳು.

ನಸುಕಿಗೆ ಸೊಪ್ಪು ಹಾಕಲು ಬಂದ ಅತ್ತೆ ಅವಳ ಒದ್ದೆ ಜಡೆ ನೋಡಿ, "ಇದೇನೇ, ರಾತ್ರೀಲಿ ತಲೆಗೆ ನೀರು? ಗಂಡನೂ ಮನೇಲಿಲ್ಲ!" ಎಂದು ನಕ್ಕಳು.

"ಸೆಖೆ ಅತ್ತೆ," ಎಂದಳು ಧನಶ್ರೀ.

ಬೀದಿಯ ಗೇಟು ಎಂದಿನಂತೆ ಊರೆಲ್ಲ ಕೇಳುವ ಹಾಗೆ ಕಿರುಚಿತು. ಕಂಪನಿ ಬಸ್ಸಿಳಿದ ವೇಣು ಒಳಗೆ ಬಂದ. ಸ್ನಾನ ಮಾಡಿ ನೇರ ಶೆಡ್ಡಿಗೆ ಹೋಗಿ ಕಡ್ಡಿ ಎಳೆದು, ಹುಳುಮನೆಯ ಕಿಟಕಿಯತ್ತ ಕೂಗಿದ. "ನೋಡಿದ್ಯಾ ಧನು? ಫುಲ್ ಐತೆ. ತಟ್ಟೇಲಿರೋದು ಸುಮ್ನೆ ನೋಡೋಕೆ ಜಾಸ್ತಿ ಕಾಣ್ತದೆ ಅಷ್ಟೇ." ಕಡ್ಡಿಯನ್ನು ಫೆಂಡರ್ ಮೇಲಿಟ್ಟು ಬಟ್ಟೆ ಹಾಕಿಕೊಳ್ಳಲು ಒಳಗೆ ಹೋದ.

ಮಾವ ಆಮೇಲೆ ಬಂದರು. ಕಡ್ಡಿಯ ತುದಿಯನ್ನು ಬೆರಳಲ್ಲಿ ಸವರಿ ಉಜ್ಜಿದರು. ಮತ್ತೆ ಉಜ್ಜಿದರು. ಮೂಲೆಗೆ ಹೋಗಿ ತಮ್ಮ ಡಬ್ಬಿ ಎತ್ತಿ ತೂಗಿ ನೋಡಿದರು. ಹುಳುಮನೆಯ ಕಿಟಕಿಯಿಂದ ನೋಡುತ್ತಿದ್ದ ಧನಶ್ರೀ ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೇ ಹಾಕಿದಳು. ಮಾವ ಡಬ್ಬಿಯನ್ನು ಕೆಳಗಿಟ್ಟು, ಕಾಲಿನಿಂದ ಗೋಣಿಚೀಲದ ಹಿಂದಕ್ಕೆ ತಳ್ಳಿದರು.

ವೇಣು ಹೊರಗೆ ಬಂದಾಗ ಅವರೇ ಬಾಯಿ ತೆರೆದರು. "ಆಯಿಲ್ ಸರಿಯಾಗೈತೆ ಕಣಪ್ಪ. ಒಳ್ಳೇ ಕೆಲ್ಸ ಮಾಡ್ದೆ."

ವೇಣು ಜೇಬಿನಿಂದ ಕೀ ತೆಗೆದು ಅಪ್ಪನ ಕೈಯಲ್ಲಿಟ್ಟ. "ನೀವೇ ಓಡ್ಸಿ ನಾಯ್ನಾ."

ಎಂಜಿನ್ ಒಂದೇ ಸಲಕ್ಕೆ ಎದ್ದು ಹದವಾಗಿ ಗುರುಗುಟ್ಟಿತು. ಅತ್ತೆ ಬೀದಿಯವರೆಗೂ ಹೋಗಿ ನಿಂತಳು. "ಏನಾಯ್ತೇ ಇವರಿಬ್ರಿಗೂ? ದೇವುಡಾ, ಹಲ್ಲು ಬಿಡ್ತಾವ್ರೆ!"

ಸಂಜೆ ಇಬ್ಬರೂ ಬಿಸಿಲಿಗೆ ಕೆಂಪಾಗಿ, ಧೂಳಾಗಿ, ಒಬ್ಬರ ಮಾತನ್ನೊಬ್ಬರು ಕಸಿದುಕೊಂಡು ಆಡುತ್ತ ಬಂದರು. ಕೈ ತೊಳೆಯಲು ನೀರು ಕೊಡುವಾಗ ವೇಣು ಪಿಸುಗುಟ್ಟಿದ: "ನಮ್ ನಾಯ್ನಾ ಒಪ್ಕೊಂಬಿಟ್ರು ಕಣೇ, ನನ್ ಆಯಿಲ್ಲೇ ಸರಿ ಅಂತ. ಪಾಪ, ವಯಸ್ಸಾಯ್ತು. ನಾನೂ ಇನ್ನು ಆ ಮಾತು ಎತ್ತಲ್ಲ."

ಊಟವಾದ ಮೇಲೆ ಮಾವ ಎಲೆ ಅಡಿಕೆ ಕೇಳುವ ನೆಪದಲ್ಲಿ ಕರೆದರು. "ನೋಡಮ್ಮ, ಅವ್ನು ನನ್ ಡಬ್ಬೀದೇ ಹಾಕವ್ನೆ, ಕದ್ದು. ನಂಗೆ ಗೊತ್ತಾಗೈತೆ ಅಂತ ಹೇಳ್ಬೇಡ. ನಾಚ್ಕೊಂತಾನೆ."

"ಇಲ್ಲ ಮಾವ," ಎಂದಳು. ಈ ಮಾತು ತನ್ನಿಂದ ಯಾರ ಕಿವಿಗೂ ಹೋಗಬಾರದು, ಅತ್ತೆಯ ಕಿವಿಗೂ, ಎಂದು ಆಗಲೇ ನಿಶ್ಚಯಿಸಿದಳು.

ಜಾಡಿಯನ್ನು ತೊಳೆಯುವ ಮೊದಲು ಬೀದಿಯ ದೀಪಕ್ಕೆ ಹಿಡಿದು ನೋಡಿದಳು. ಇನ್ನೂ ಒಡೆದಿರಲಿಲ್ಲ. ಚೆಲ್ಲಲು ಮನಸ್ಸಾಗದೆ, ಕೋಳಿಯ ಪುಕ್ಕದಲ್ಲಿ ಅದ್ದಿ ಗೇಟಿನ ಕೀಲುಗಳಿಗೆ ಸವರಿದಳು. ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು. ಒಮ್ಮೆ ತಳ್ಳಿದಳು, ಒಮ್ಮೆ ಎಳೆದಳು. ಗೇಟು ಕತ್ತಲೆಯಲ್ಲಿ ಸದ್ದಿಲ್ಲದೆ ಹೋಗಿ, ಸದ್ದಿಲ್ಲದೆ ಬಂತು.